ಹುಣಸೆಹಣ್ಣು ಬೇಡ, ಎಣ್ಣೆ ಸಾಕು

ಕಲಬುರಗಿಯ ಹಳೆ ಮನೆ ರಿಪೇರಿ ಮಾಡಿಸುವಾಗ ಅಟ್ಟದಲ್ಲಿ ಸಿಕ್ಕ ಬಿದರಿ ಹೂದಾನಿಯನ್ನು (ಕಪ್ಪು ಲೋಹದಲ್ಲಿ ಬೆಳ್ಳಿ ಕುಸುರಿ ಕೂರಿಸುವ ಬೀದರ್‌ನ ಕಲೆ) ಹುಣಸೆಹಣ್ಣು ಹಚ್ಚಿ ತಿಕ್ಕಬಹುದಾ ಅಂತ ಕೇಳಿದ್ದೀರಿ. ಬ್ಯಾಡ್ರಿ ಸರ್! ಆ ಕಪ್ಪು ಬಣ್ಣ ಕೊಳೆಯಲ್ಲ, ಬಿದರಿಯ ಅಂದವೇ ಅದು.

ಪಾತ್ರೆ ಸತುವಿನದು, ಸ್ವಲ್ಪ ತಾಮ್ರ ಸೇರಿರುತ್ತದೆ. ಬೀದರ್ ಕೋಟೆಯ ಹಳೆ ಮಣ್ಣನ್ನು ನವಸಾಗರ ಅನ್ನೋ ಉಪ್ಪಿನ ಜೊತೆ ನೀರಿನಲ್ಲಿ ಕಲಸಿ ಬಿಸಿಮಾಡಿ ಹಚ್ಚುತ್ತಾರೆ. ಸತು ಕಪ್ಪಾಗುತ್ತದೆ, ಬೆಳ್ಳಿಯ ಕುಸುರಿ ಮಾತ್ರ ಹಾಗೇ ಹೊಳೆಯುತ್ತದೆ. ಹುಳಿ ತಾಗಿದರೆ ಆ ಕಪ್ಪೇ ಹೋಗುತ್ತದೆ. ನಮ್ಮಜ್ಜಿಯ ಅಡಕೆ ಡಬ್ಬಿಯನ್ನು ನಾನೇ ಹೀಗೆ ಹಾಳು ಮಾಡಿದ್ದೇನೆ. ಮುಚ್ಚಳದ ಬಳ್ಳಿಯ ಸುತ್ತ ಈಗಲೂ ಬೂದು ಕಲೆ ಇದೆ.

ಒಣ ಬಟ್ಟೆಯಿಂದ ಧೂಳು ಒರೆಸಿ. ಮೆತ್ತನೆ ಬಟ್ಟೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಮೆಲ್ಲಗೆ ಉಜ್ಜಿ. ಅಷ್ಟೇ.

ಅಸಲಿಯೋ ನಕಲಿಯೋ ಅನ್ನೋ ಅನುಮಾನ ಇದ್ದರೆ ತಳದ ಹಳೆ ಗೀರು ನೋಡಿ. ಹಳದಿ ಕಂಡರೆ ಅದು ಹಿತ್ತಾಳೆ, ಅಂದರೆ ನಕಲಿ. ಸುಮ್ನೆ ಹೊಸದಾಗಿ ಗೀರಬೇಡಿ ಮತ್ತೆ!

ಅಂದಹಾಗೆ, ನೆಲದ ಶಹಾಬಾದ್ ಕಲ್ಲು ಕಿತ್ತು ಟೈಲ್ಸ್ ಹಾಕಿಸ್ತೀನಿ ಅಂದಿದ್ದೀರಲ್ಲ, ಮೊದಲು ಒಂದು ಕೋಣೆಗೆ ಪಾಲಿಶ್ ಮಾಡಿಸಿ ನೋಡಿ. ಮೇ ತಿಂಗಳ ಮಧ್ಯಾಹ್ನ ಆ ತಣ್ಣನೆ ಕಲ್ಲಿನ ಮೇಲೆ ಮಲಗಿದವರು ಯಾರಾದ್ರೂ ಅದನ್ನ ಕೀಳಿಸ್ತಾರಾ?