ಹೂಮಳೆಗೆ ಕಾಯುವವರ ಲೆಕ್ಕ

ಕೊಡಗಿನ ಮಾದಾಪುರದ ಓದುಗರೊಬ್ಬರು, ಕಾಫಿ ಬೆಳೆಗಾರರು, ನಾಲ್ಕು ಪುಟ ಬರೆದಿದ್ದಾರೆ. ತಿರುಳು ಇಷ್ಟು: ‘ವಿಜ್ಞಾನ, ತಂತ್ರಜ್ಞಾನದ ನೀತಿಗೆ ಮುನ್ನೋಟ ಬೇಕು, ಮೌಲ್ಯಮಾಪನ ಬೇಕು ಅಂತ ಕಳೆದ ಸಂಚಿಕೆಯಲ್ಲಿ ಬರೆದಿರಿ. 2018ರ ಆಗಸ್ಟಿನಲ್ಲಿ ನಮ್ಮ ಬೆಟ್ಟ ಜಾರಿದಾಗ ಈ ಮುನ್ನೋಟ ಎಲ್ಲಿತ್ತು? ಇಪ್ಪತ್ತು ವರ್ಷ ಮುಂದಿನದನ್ನು ದೆಹಲಿಯಲ್ಲಿ ಕೂತು ಹೇಳುವುದಕ್ಕೂ ಕಣಿಗೂ ಏನು ವ್ಯತ್ಯಾಸ? ಕಣಿಯವಳು ಒಂದು ಸೇರು ಅಕ್ಕಿಗೆ ಹೇಳುತ್ತಾಳೆ.’

ಅಕ್ಕಿಯ ಮಾತಿಗೆ ಕಚೇರಿಯಲ್ಲಿ ಎಲ್ಲರೂ ನಕ್ಕೆವು. ಆದರೆ ಸ್ವಾಮೀ, ಫೆಬ್ರವರಿ ಬಂತೆಂದರೆ ನೀವೇನು ಮಾಡುತ್ತೀರಿ? ರೋಬಸ್ಟಾ ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಯಾವತ್ತು ಬರುತ್ತದೆಂದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆದರೂ ಕೆರೆಯ ಹೂಳು ತೆಗೆಸಿ, ಪಂಪ್‌ಸೆಟ್ ರಿಪೇರಿ ಮಾಡಿಸಿ, ಸ್ಪ್ರಿಂಕ್ಲರ್ ಪೈಪು ಜೋಡಿಸಿ ಇಡುತ್ತೀರಿ. ಮಳೆ ಬಂದರೆ ಒಂದು ದಾರಿ, ಬರದಿದ್ದರೆ ಇನ್ನೊಂದು, ಹೂವು ಅರಳಿದ ಮೇಲೆ ಕಾಯಿ ಕಚ್ಚಲು ಬೇಕಾದ ಬ್ಯಾಕಿಂಗ್ ಮಳೆ ಕೈಕೊಟ್ಟರೆ ಮತ್ತೊಂದು. ಮುನ್ನೋಟವೆಂದರೆ ನಾನು ಹೇಳಿದ್ದು ಇದನ್ನೇ. ಹೀಗೇ ಆಗುತ್ತದೆ ಎಂದು ಎದೆ ತಟ್ಟಿ ಹೇಳಿದರೆ ಅದು ಕಣಿ, ನಿಮ್ಮ ಮಾತು ಸರಿ.

ಜಪಾನಿನವರು 1971ರಿಂದ ಸುಮಾರು ಐದು ವರ್ಷಕ್ಕೊಮ್ಮೆ ಇದನ್ನು ದೇಶದ ಮಟ್ಟದಲ್ಲಿ ಮಾಡುತ್ತಿದ್ದಾರೆ. ಡೆಲ್ಫಿ ಎನ್ನುವ ವಿಧಾನ. ಇಂಥ ತಂತ್ರಜ್ಞಾನ ಯಾವಾಗ ಕೈಗೂಡೀತು ಎಂದು ತಜ್ಞರನ್ನು ಕೇಳುತ್ತಾರೆ. ಯಾರ ಉತ್ತರ ಯಾವುದು ಎಂದು ಬಿಟ್ಟುಕೊಡದೆ, ಎಲ್ಲರ ಉತ್ತರ ಒಟ್ಟು ಹೇಗಿದೆ ಎಂದು ತೋರಿಸಿ ಮತ್ತೊಮ್ಮೆ ಕೇಳುತ್ತಾರೆ. ದೊಡ್ಡವರ ಮುಖ ನೋಡಿ ತಲೆ ಅಲ್ಲಾಡಿಸುವ ಚಾಳಿಗೆ ಇದು ಮದ್ದು. ನನಗೆ ಹಿಡಿಸಿದ್ದು ಆಮೇಲಿನ ಕೆಲಸ. ಹಳೆಯ ಸುತ್ತುಗಳಲ್ಲಿ ಹೇಳಿದ್ದರಲ್ಲಿ ಎಷ್ಟು ನಿಜವಾಯಿತು, ಎಷ್ಟು ಹುಸಿಹೋಯಿತು ಎಂದು ತಾವೇ ಲೆಕ್ಕ ಹಾಕುತ್ತಾರೆ. ನಮ್ಮಲ್ಲಿ 1988ರಲ್ಲಿ ಹುಟ್ಟಿದ, ತಂತ್ರಜ್ಞಾನದ ಮುನ್ನೋಟ ನೋಡುವ ಕೇಂದ್ರ ಸರಕಾರದ ಟೈಫ್ಯಾಕ್ ಸಂಸ್ಥೆ ಅಬ್ದುಲ್ ಕಲಾಂ ಮುಂದಾಳುತನದಲ್ಲಿ 2020ರ ಮುನ್ನೋಟ ತಯಾರಿಸಿತು. 2035ರದ್ದು 2016ರ ಜನವರಿಯಲ್ಲಿ ನಮ್ಮ ಪಕ್ಕದ ಮೈಸೂರಿನ ವಿಜ್ಞಾನ ಕಾಂಗ್ರೆಸ್ಸಿನಲ್ಲೇ ಬಿಡುಗಡೆಯಾಯಿತು. ಬಿಡುಗಡೆಯ ಫೋಟೊ ಎಲ್ಲ ಪತ್ರಿಕೆಗಳಲ್ಲೂ ಬರುತ್ತದೆ. ಹಳೆಯದರ ಲೆಕ್ಕ ಕೇಳುವ ಪತ್ರಿಕೆ ಕಡಿಮೆ, ನಮ್ಮದನ್ನೂ ಸೇರಿಸಿ. ವರ್ಷದ ಮೊದಲಿಗೆ ಕಾಫಿ ದರದ ಬಗ್ಗೆ ನಾವೇ ಬರೆದದ್ದನ್ನು ವರ್ಷದ ಕೊನೆಗೆ ತೆಗೆದು ನೋಡಿದ್ದಿಲ್ಲ.

ಮೌಲ್ಯಮಾಪನ ಎಂದೊಡನೆ ತಪ್ಪು ಹುಡುಕುವುದು ಎಂದುಕೊಳ್ಳುತ್ತೇವೆ. ಕಾವೇರಿ ಎಂಬ ಕಾಫಿ ತಳಿಯ ಕಥೆ ನಿಮಗೆ ಗೊತ್ತೇ ಇದೆ. ಎಂಬತ್ತರ ದಶಕದಲ್ಲಿ ಬಂದ ಕುಳ್ಳ ಅರೇಬಿಕಾ. ಬೇಗ ಫಸಲು, ಎಲೆ ತುಕ್ಕು ರೋಗ ತಟ್ಟುವುದಿಲ್ಲ ಎಂಬ ಹೆಸರು. ಮೊದಲ ಕೆಲವು ಕುಯ್ಲು ನೋಡಿ ಅಂಕ ಹಾಕಿದ್ದರೆ ನೂರಕ್ಕೆ ನೂರು. ಬರಬರುತ್ತಾ ತುಕ್ಕು ಹತ್ತಿತು, ಬಿಳಿ ಕಾಂಡಕೊರಕ ಹುಳವೂ ಬಿಡಲಿಲ್ಲ. ವಿಜ್ಞಾನಿಗಳು ಮೋಸ ಮಾಡಿದರು ಎನ್ನಲಾರೆ. ತುಕ್ಕಿನ ಶಿಲೀಂಧ್ರ ಹೊಸ ಹೊಸ ರೂಪ ತಾಳುತ್ತಾ ಬರುತ್ತದೆ. 1911ರಲ್ಲಿ ಆರಿಸಿದ ಕೆಂಟ್ಸ್ ಎಂಬ ಹಳೆಯ ಕಾಫಿ ತಳಿಗೂ ಇದೇ ಗತಿಯಾಗಿತ್ತು. ಅಂದಮೇಲೆ ಐವತ್ತು ವರ್ಷ ನಿಲ್ಲಬೇಕಾದ ಗಿಡವನ್ನು ಐದು ವರ್ಷದಲ್ಲಿ ಅಳೆಯುವುದು ಹೇಗೆ? ಹೊಸ ತಳಿ ಕೊಡುವಾಗಲೇ, ಎಷ್ಟು ವರ್ಷ ಯಾರ ಯಾರ ತೋಟದಲ್ಲಿ ಏನೇನು ಬರೆದಿಡಬೇಕು, ರೋಗ ಕಂಡರೆ ಮುಂದೇನು ಎಂಬುದೂ ಜೊತೆಯಲ್ಲಿ ಬರಬೇಕು.

ಕಾಡಾನೆ ತಡೆಯಲು ತೋಡುವ ಆನೆ ಕಂದಕದ್ದೂ ಅದೇ ಹಾಡು. ಎಷ್ಟು ಕಿಲೋಮೀಟರ್ ತೋಡಿದೆವು ಎಂಬುದು ಗುತ್ತಿಗೆದಾರನ ಬಿಲ್ಲು. ಮಳೆಗೆ ಅಂಚು ಕುಸಿದ ಮೇಲೆ, ಆನೆ ಕಾಲಿನಿಂದ ಮಣ್ಣು ತಳ್ಳಿ ದಾಟಿದ ಮೇಲೆ, ಯಾರ ಗದ್ದೆಗೆ ಇಳಿಯಿತು ಎಂದು ನೋಡಬೇಕಲ್ಲ!

ಇನ್ನು 2018. ನೀವು ಕೇಳಿದ ಧಾಟಿಯಲ್ಲೇ ಉತ್ತರಿಸುವುದಾದರೆ, ಮಕ್ಕಂದೂರು, ಜೋಡುಪಾಲ ಇಂಥ ದಿನ ಜಾರುತ್ತವೆ ಎಂದು ಯಾರೂ ಹೇಳಿರಲಿಲ್ಲ, ಹೇಳಲು ಆಗುತ್ತಲೂ ಇರಲಿಲ್ಲ. ಆದರೆ ಪಶ್ಚಿಮ ಘಟ್ಟವನ್ನು ವಲಯಗಳಾಗಿ ವಿಂಗಡಿಸಿ, ಯಾವ ಭಾಗದಲ್ಲಿ ಎಂಥ ಕೆಲಸ ಸಲ್ಲದು ಎಂದು ಮಾಧವ ಗಾಡ್ಗೀಳ್ ಸಮಿತಿ 2011ರಲ್ಲೇ ವರದಿ ಕೊಟ್ಟಿತ್ತು. ವಲಯಗಳ ಗಡಿಯನ್ನು ಗ್ರಾಮಸಭೆಗಳೊಂದಿಗೆ ಚರ್ಚಿಸಿ ಅಂತಿಮ ಮಾಡಿ ಎಂದೂ ಹೇಳಿತ್ತು. ವರದಿ ಸಾರ್ವಜನಿಕರ ಕೈಗೆ ಸಿಕ್ಕಿದ್ದು 2012ರ ಮೇ ತಿಂಗಳಲ್ಲಿ, ಅದೂ ಮಾಹಿತಿ ಹಕ್ಕಿನಡಿ ಹೋರಾಡಿದ ಮೇಲೆ. ಅಷ್ಟರಲ್ಲಿ ನಮ್ಮ ಜಿಲ್ಲೆಯಲ್ಲಿ ‘ಮನೆಗೆ ಹಂಚು ಹೊದಿಸುವುದಕ್ಕೂ ಬಿಡುವುದಿಲ್ಲವಂತೆ’ ಎಂಬ ಸುದ್ದಿ ಅಂಗಡಿ ಅಂಗಡಿಯಲ್ಲೂ ಹಬ್ಬಿತ್ತು. ಓದದ ವರದಿಯ ಮೇಲೆ ಪರ-ವಿರೋಧ ಎರಡೂ ಜೋರಾಗಿತ್ತು. ಅದರ ಎಲ್ಲ ಸಲಹೆಯೂ ಸರಿ ಎಂದು ನಾನು ವಾದಿಸುವುದಿಲ್ಲ. ಜಾಗದವನ ಭಾಷೆಯಲ್ಲಿ ಅವನ ಕೈಗೆ ಹೊತ್ತಿಗೆ ಸರಿಯಾಗಿ ಸಿಗದ ಮುನ್ನೋಟ ಕಪಾಟಿನ ಕಾಗದ, ಅಷ್ಟೇ.

ಕೊನೆಗೊಂದು ಕೋರಿಕೆ. ಅಜ್ಜನ ಕಾಲದಿಂದ ತೋಟದಲ್ಲಿ ಮಳೆಮಾಪಕ ಇದೆ, ಇಂಚು-ಸೆಂಟಿನ ಲೆಕ್ಕ ದಿನವೂ ಬರೆದಿಟ್ಟಿದ್ದೇವೆ ಎಂದು ಪತ್ರದ ಮೂರನೇ ಪುಟದಲ್ಲಿ ತಾವೇ ಹೇಳಿದ್ದೀರಿ. ಬೆಟ್ಟ ಜಾರುವ ಮುನ್ಸೂಚನೆಗೆ ಬೇಕಾದದ್ದು ಇಂಥ ಲೆಕ್ಕವೇ; ಎಷ್ಟು ದಿನ ಎಷ್ಟು ಮಳೆ ಬಿದ್ದ ಮೇಲೆ ಯಾವ ಮಗ್ಗುಲು ಬಿರುಕು ಬಿಟ್ಟಿತು ಎಂಬುದು ದೂರದ ಕಚೇರಿಗೆ ಕಾಣುವುದಿಲ್ಲ. 2018ರ ಜೂನ್‌ನಿಂದ ಆಗಸ್ಟ್‌ವರೆಗಿನ ಪುಟಗಳ ಜೆರಾಕ್ಸ್ ಕಳುಹಿಸಿ. ಇಂಗ್ಲಿಷಿನಲ್ಲಿದ್ದರೂ ಪರವಾಗಿಲ್ಲ, ಅಕ್ಷರ ಮಾತ್ರ ಪತ್ರದ ಅಕ್ಷರದಂತೆ ಇರದಿದ್ದರೆ ಸಾಕು.

— ಸಂ.