ಹೈಡ್ರೋಜನ್ ಕಂಡಲ್ಲೆಲ್ಲ ನೀರೆಂದು ಬರೆಯಬೇಡಿ

ದಾವಣಗೆರೆ

ಚಳ್ಳಕೆರೆಯ ಲೇಖಕ ಮಿತ್ರರಿಗೆ ನಮಸ್ಕಾರ.

'ಚಂದ್ರನ ಒಡಲಲ್ಲೊಂದು ಕೆರೆ' ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ನಮ್ಮ ಮಾಸಿಕದಲ್ಲಿ ಪ್ರಕಟಿಸಲಾಗದು. ನಿಮ್ಮ ಭಾಷೆ ಹದವಾಗಿದೆ. ಆದರೆ ಹೈಡ್ರೋಜನ್, ಹೈಡ್ರಾಕ್ಸಿಲ್ (ಒಂದು ಹೈಡ್ರೋಜನ್, ಒಂದು ಆಮ್ಲಜನಕ ಪರಮಾಣು ಕೂಡಿದ ಜೋಡಿ), ನೀರು, ಮಂಜುಗಡ್ಡೆ ಎಂಬ ನಾಲ್ಕು ಬೇರೆ ಬೇರೆ ಸಂಗತಿಗಳನ್ನು ನೀವು ಒಂದೇ ಎಂಬಂತೆ ಬಳಸಿದ್ದೀರಿ, ಲೇಖನ ನಿಂತಿರುವುದೂ ಈ ಗೊಂದಲದ ಮೇಲೆಯೇ.

1998ರಲ್ಲಿ ನಾಸಾದ ಲೂನಾರ್ ಪ್ರಾಸ್ಪೆಕ್ಟರ್ ನೌಕೆ ಚಂದ್ರನ ಧ್ರುವಗಳಲ್ಲಿ 'ನೀರನ್ನು ಕಂಡಿತು' ಎಂದು ಬರೆದಿದ್ದೀರಿ. ಅದು ಎಣಿಸಿದ್ದು ನ್ಯೂಟ್ರಾನ್‌ಗಳನ್ನು, ಅಂದರೆ ಪರಮಾಣು ಬೀಜದೊಳಗಿನ ವಿದ್ಯುದಂಶವಿಲ್ಲದ ಕಣಗಳನ್ನು. ವಿಶ್ವಕಿರಣಗಳು ಬಡಿದಾಗ ಚಂದ್ರನ ಮಣ್ಣಿನೊಳಗಿಂದ ನ್ಯೂಟ್ರಾನ್‌ಗಳು ಸಿಡಿಯುತ್ತವೆ. ಗೋಲಿಯನ್ನು ಗುಂಡುಕಲ್ಲಿಗೆ ಹೊಡೆದರೆ ಅದು ಹೆಚ್ಚು ವೇಗ ಕಳೆದುಕೊಳ್ಳದೆ ಪುಟಿದು ಬರುತ್ತದೆ. ತನ್ನಷ್ಟೇ ತೂಕದ ಇನ್ನೊಂದು ಗೋಲಿಗೆ ನೇರವಾಗಿ ತಾಗಿದರೆ ನಿಂತಲ್ಲೇ ನಿಂತುಬಿಡುತ್ತದೆ. ಹೈಡ್ರೋಜನ್ ಪರಮಾಣುವಿನ ಬೀಜದ ತೂಕ ಹೆಚ್ಚುಕಡಿಮೆ ನ್ಯೂಟ್ರಾನಿನಷ್ಟೇ ಇರುವುದರಿಂದ, ಮೇಲ್ಮೈಯಿಂದ ಸುಮಾರು ಒಂದು ಮೀಟರ್ ಆಳದವರೆಗೆ ಹೈಡ್ರೋಜನ್ ಹೆಚ್ಚಿದ್ದಲ್ಲಿ ಮಧ್ಯಮ ವೇಗದ ನ್ಯೂಟ್ರಾನ್‌ಗಳ ಎಣಿಕೆ ಇಳಿಯುತ್ತದೆ. ಆ ಹೈಡ್ರೋಜನ್ ಮಂಜುಗಡ್ಡೆಯದೋ, ಸೌರಮಾರುತ (ಸೂರ್ಯನಿಂದ ಹರಿದುಬರುವ ಕಣಗಳ ಪ್ರವಾಹ) ತಂದು ಮಣ್ಣಿನ ಕಣಗಳಲ್ಲಿ ಹುದುಗಿಸಿದ ಪ್ರೋಟಾನ್‌ಗಳದೋ, ಅಂದರೆ ಹೈಡ್ರೋಜನ್ ಬೀಜಗಳದೋ ಎಂಬುದನ್ನು ಈ ಎಣಿಕೆಯೊಂದೇ ಹೇಳಲಾರದು. (ಗೋಲಿಯ ಹೋಲಿಕೆ ಬೇಕಿದ್ದರೆ ಬಳಸಿಕೊಳ್ಳಿ.)

ಚಂದ್ರಯಾನ-1ರ ಭಾಗದಲ್ಲಿಯೂ ಇದೇ ಅವಸರ ಕಾಣುತ್ತದೆ. 2008ರಲ್ಲಿ ಹೊರಟ ಆ ನೌಕೆಯಲ್ಲಿದ್ದ ನಾಸಾದ ಉಪಕರಣ ಸುಮಾರು 3 ಮೈಕ್ರೋಮೀಟರ್ ತರಂಗಾಂತರದಲ್ಲಿ ಬೆಳಕು ಹೀರಲ್ಪಟ್ಟ ಗುರುತನ್ನು ಹಿಡಿಯಿತು. ಅದು ಮೇಲ್ಮೈಯ ತೆಳುಪದರದ ಸುದ್ದಿ ಮಾತ್ರ. ಹೈಡ್ರಾಕ್ಸಿಲ್ ಮತ್ತು ನೀರು ಎರಡೂ ಅಲ್ಲಿ ಗುರುತು ಬಿಡುವುದರಿಂದ ಬೇರ್ಪಡಿಸಿ ಹೇಳುವುದು ಕಷ್ಟ. 2020ರಲ್ಲಿ ಪ್ರಕಟವಾದ ಸೋಫಿಯಾ (ವಿಮಾನದಲ್ಲಿ ಹೊತ್ತೊಯ್ದ ದೂರದರ್ಶಕ) ವೀಕ್ಷಣೆ ಮುಖ್ಯವಾಗುವುದು ಇಲ್ಲಿಯೇ, ಏಕೆಂದರೆ 6 ಮೈಕ್ರೋಮೀಟರಿನ ಗುರುತು ನೀರಿನ ಅಣುವಿನದೇ. ಅದನ್ನು ನೀವು ಬಿಟ್ಟೇಬಿಟ್ಟಿದ್ದೀರಿ.

'ನಮ್ಮ ಬೋರ್‌ವೆಲ್‌ಗಳಿಗಿಂತ ಚಂದ್ರನೇ ಮೇಲು' ಎಂಬ ಸಾಲು ಓದಲು ಚೆನ್ನಾಗಿದೆ, ನಿಜವಲ್ಲ. ಸೋಫಿಯಾ ನೋಡಿದ ಕ್ಲೇವಿಯಸ್ ಕುಳಿಯ ಬಳಿ ಸಿಕ್ಕ ಪ್ರಮಾಣ ದಶಲಕ್ಷಕ್ಕೆ 100ರಿಂದ 412 ಭಾಗ. ಒಂದು ಘನ ಮೀಟರ್ ಮಣ್ಣನ್ನೆಲ್ಲ ಹಿಂಡಿದರೂ ಒಂದು ಸಣ್ಣ ಬಾಟಲಿ ತುಂಬೀತು. ಆರುನೂರು ಅಡಿ ಕೊರೆಸಿ ಬರೀ ಧೂಳು ಕಂಡ ನಮ್ಮ ಓದುಗರ ಮುಂದೆ ಇಂಥ ಮಾತನ್ನು ಆಡಬಾರದು. 2009ರಲ್ಲಿ ನಾಸಾದ ಎಲ್‌ಕ್ರಾಸ್ ಯೋಜನೆಯ ರಾಕೆಟ್ ಭಾಗ ಚಂದ್ರನ ದಕ್ಷಿಣ ಧ್ರುವದ ಬಳಿಯ ಕಬೇಯಸ್ ಕುಳಿಗೆ ಅಪ್ಪಳಿಸಿ ಎಬ್ಬಿಸಿದ ಧೂಳಿನಲ್ಲಿ ನೀರು ತೂಕದಲ್ಲಿ ಶೇ. 5.6ರಷ್ಟಿತ್ತು ಎಂದಿದ್ದೀರಿ, ಸರಿ. ಆದರೆ ಅದರ ಜೊತೆಗೇ ಇರುವ, 2.9ರಷ್ಟು ಹೆಚ್ಚೂ ಇರಬಹುದು ಕಡಿಮೆಯೂ ಇರಬಹುದು ಎಂಬ ಅನಿಶ್ಚಿತತೆಯನ್ನು ಯಾಕೆ ಕೈಬಿಟ್ಟಿರಿ?

ಮಣ್ಣನ್ನು ಕಾಯಿಸಿದಾಗ ನೀರಾವಿ ಬಂದರೆ ಮಣ್ಣಿನಲ್ಲಿ ನೀರಿತ್ತೆಂದೇ ಅರ್ಥ ಎಂಬ ನಿಮ್ಮ ತರ್ಕವೂ ನಿಲ್ಲುವುದಿಲ್ಲ. ಹೆಚ್ಚಿನ ಉಷ್ಣತೆಯಲ್ಲಿ ಹೈಡ್ರೋಜನ್ ಇಲ್ಮನೈಟಿನಂಥ ಖನಿಜದ ಆಮ್ಲಜನಕದೊಡನೆ ಕೂಡಿ ಅಲ್ಲೇ ಹೊಸದಾಗಿ ನೀರಾಗಬಲ್ಲದು.

ನಿಮ್ಮ ಕೈಯಲ್ಲಿರುವ ಒಳ್ಳೆಯ ಸರಕನ್ನು ನೀವೇ ಗಮನಿಸಿಲ್ಲ. ಚಂದ್ರಯಾನ-2ರ ಲ್ಯಾಂಡರಿನ ಸಂವೇದಕಗಳನ್ನು ಪರೀಕ್ಷಿಸಲು ಇಸ್ರೋ ನಿಮ್ಮ ತಾಲ್ಲೂಕಿನ ಉಳ್ಳಾರ್ತಿಯಲ್ಲಿ ಕೃತಕ ಕುಳಿಗಳನ್ನು ಮಾಡಿದ ಸಂಗತಿ ನಿಮ್ಮಲ್ಲಿ ಒಂದೇ ಸಾಲಿನಲ್ಲಿ ಮುಗಿದಿದೆ. ಲೇಖನವನ್ನು ಅಲ್ಲಿಂದ ಆರಂಭಿಸಿ. ಉಳ್ಳಾರ್ತಿಯ ಕುಳಿಗೆ ಮಧ್ಯಾಹ್ನದ ಹೊತ್ತಿಗೆ ಬಿಸಿಲು ತಳದವರೆಗೆ ಇಳಿಯುತ್ತದೆ. ಚಂದ್ರನ ಅಕ್ಷ ಕೇವಲ ಒಂದೂವರೆ ಡಿಗ್ರಿಯಷ್ಟು ವಾಲಿರುವುದರಿಂದ ಅದರ ಧ್ರುವದಲ್ಲಿ ಸೂರ್ಯ ದಿಗಂತವನ್ನು ಬಿಟ್ಟು ಹೆಚ್ಚು ಮೇಲೇರುವುದೇ ಇಲ್ಲ. ಅಲ್ಲಿನ ಕೆಲವು ಕುಳಿಗಳ ತಳ ಕೋಟ್ಯಂತರ ವರ್ಷಗಳಿಂದ ಬಿಸಿಲನ್ನೇ ಕಂಡಿಲ್ಲ. ಸುಮಾರು ಮೈನಸ್ 160 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಅಂಥ ಚಳಿಯಲ್ಲಿ ಮಾತ್ರ ಮಂಜುಗಡ್ಡೆ ಅಷ್ಟು ಕಾಲ ಆವಿಯಾಗದೆ ಉಳಿದೀತು.

ಎಂಟುನೂರು ಪದಗಳ ಮಿತಿಯಲ್ಲಿ ತಿದ್ದಿ, ಮುಂದಿನ ತಿಂಗಳ ಹತ್ತನೆಯ ತಾರೀಖಿನೊಳಗೆ ಕಳುಹಿಸಿದರೆ ಮತ್ತೆ ಓದುತ್ತೇನೆ. ಶೀರ್ಷಿಕೆಯಲ್ಲಿರುವ ಕೆರೆಯನ್ನು ತೆಗೆದುಹಾಕಿ.

ಸಂಪಾದಕ