‘ಮಟ್ಟ 3’ ಎಂದರೆ ಯಾರ ಲೆಕ್ಕ?

ಪ್ರಶ್ನೆ: ನಮ್ಮದು ಬದಿಯಡ್ಕ ಸಮೀಪದ ಕನ್ನಡ ಮಾಧ್ಯಮ ಶಾಲೆ. ಮಗುವಿನ ಉತ್ತರ ನೋಡಿ ಮುಂದಿನ ಲೆಕ್ಕ ಕೊಡುವ ಗಣಿತದ ಆ್ಯಪ್ ಒಂದನ್ನು ಬಳಸುತ್ತಿದ್ದೇವೆ. ಚಂದಾ ದುಬಾರಿಯಾಯಿತೆಂದು ಬೇರೆಯದಕ್ಕೆ ಹೋಗಹೊರಟರೆ, ನಾವೇ ಬರೆದು ಸೇರಿಸಿದ ಪ್ರಶ್ನೆಗಳೂ ಮಕ್ಕಳ ದಾಖಲೆಯೂ ಹೊರಬರುವುದಿಲ್ಲ ಎನ್ನುತ್ತಾರೆ. ಹೊಸದನ್ನು ಕೊಳ್ಳುವಾಗ ಏನು ಕೇಳಬೇಕು?
— ಒಬ್ಬ ಶಿಕ್ಷಕಿ, ಕಾಸರಗೋಡು ಜಿಲ್ಲೆ

ಉತ್ತರ: ಹೊರಬರುವುದಿಲ್ಲ ಎಂಬುದು ನೆಪ, ಟೀಚರೇ. ಪ್ರಶ್ನೆಗಳನ್ನು ಸಾಗಿಸಲು ಕ್ಯುಟಿಐ ಎಂಬ ಮುಕ್ತ ಮಾನದಂಡ ಬಂದು ಇಪ್ಪತ್ತು ವರ್ಷ ದಾಟಿದೆ. ಅದಿಲ್ಲದಿದ್ದರೆ ಮೂಡಲ್ ಎಕ್ಸ್‌ಎಂಎಲ್ ಎಂಬ ಕಡತದ ರೂಪವಾದರೂ ಸರಿ. ಮೂಡಲ್ ಎಂದರೆ ಪಾಠ, ಪರೀಕ್ಷೆ ನಡೆಸುವ ಉಚಿತ ತಂತ್ರಾಂಶ. ಶಾಲೆಯ ಉಬುಂಟು ಕಂಪ್ಯೂಟರಿನಲ್ಲೇ ಹಾಕಿಕೊಂಡು, ಹಣ ಕಟ್ಟುವ ಮೊದಲು ಕಂಪನಿ ಕೊಡುವ ಮೂಡಲ್ ಎಕ್ಸ್‌ಎಂಎಲ್ ಮಾದರಿ ಕಡತವೊಂದನ್ನು ತೆರೆದು ನೋಡಿ.

ನಿಜವಾದ ತೊಡಕಿರುವುದು ಮಕ್ಕಳ ದಾಖಲೆಯಲ್ಲಿ. ಮಗು 1/2ಕ್ಕೆ 1/3 ಕೂಡಿಸಿ 2/5 ಎಂದು ಬರೆಯಿತು ಅನ್ನಿ. ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿದೆ. ಆ್ಯಪ್ ಅದನ್ನು ಸಮಚ್ಛೇದದ ಪಾಠಕ್ಕೆ ಹಿಂದೆ ಕಳುಹಿಸಿ, ‘ಭಿನ್ನರಾಶಿ: ಮಟ್ಟ 3’ ಎಂದು ಗುರುತು ಹಾಕಿಕೊಳ್ಳುತ್ತದೆ. ಆ 3 ಕಂಪನಿಯ ಒಳಲೆಕ್ಕ. ಇನ್ನೊಂದು ಆ್ಯಪಿಗೆ ಅದರ ತಲೆಬುಡ ತಿಳಿಯದು. ‘ಈ ಪ್ರಶ್ನೆಗೆ ಈ ದಿನ 2/5 ಎಂದು ಉತ್ತರಿಸಿದೆ’ ಎಂಬ ಸಾಲು ಸಿಕ್ಕಿದರೆ ಹೊಸ ಆ್ಯಪ್ ತನ್ನದೇ ಅಂದಾಜಿಗೆ ಬರಬಹುದು. ನಿಮಗಂತೂ ನೋಡಿದ ಕೂಡಲೇ ತಪ್ಪು ಎಲ್ಲಿ ಎಂದು ಹೊಳೆಯುತ್ತದೆ. 2013ರಲ್ಲಿ ಮೊದಲ ಆವೃತ್ತಿ ಕಂಡ ಎಕ್ಸ್‌ಎಪಿಐ ಇಂಥ ಸಾಲುಗಳನ್ನು ಬರೆದಿಡುವ ಕ್ರಮ. ‘ಸ್ಕಾರ್ಮ್ ಇದೆಯಲ್ಲ’ ಎಂದು ಅವರು ಸಮಾಧಾನ ಹೇಳಬಹುದು. ಕಂಪ್ಯೂಟರ್ ಪಾಠಗಳ ಆ ಹಳೆಯ ಮಾನದಂಡದ ದಾಖಲೆ ಹೆಚ್ಚಾಗಿ ಪಾಠ ಮುಗಿಯಿತೇ, ಅಂಕವೆಷ್ಟು ಎಂಬಲ್ಲಿಗೇ ನಿಲ್ಲುತ್ತದೆ.

ಪ್ರತಿ ಪ್ರಶ್ನೆಯ ಜೊತೆ ಪರಿಕಲ್ಪನೆಯ ಹೆಸರು ಇರಲಿ, ಬರೀ ಅಧ್ಯಾಯದ ಸಂಖ್ಯೆ ಸಾಲದು. ರಾಜ್ಯದ ಗಡಿಯ ತಲಪಾಡಿ ದಾಟಿ ಮಂಗಳೂರಿನ ಶಾಲೆ ಸೇರಿದ ಮಗುವಿಗೆ ಪಠ್ಯಪುಸ್ತಕವೇ ಬೇರೆ.

ಇನ್ನೊಂದು ಮಾತು, ಇದನ್ನು ಕಂಪನಿಯವರು ಹೇಳುವುದಿಲ್ಲ. ಪ್ರಶ್ನೆಗಳು ಹಳೆಯ ನುಡಿ ಫಾಂಟಿನಲ್ಲಿದ್ದರೆ ಮೊದಲು ಯೂನಿಕೋಡಿಗೆ ಬದಲಾಯಿಸಿ. ಇಲ್ಲವಾದರೆ ಯಾವ ಮಾನದಂಡವಿದ್ದೂ ಪ್ರಯೋಜನವಿಲ್ಲ, ಪರದೆಯ ಮೇಲೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಪ್ರಶ್ನೆಯನ್ನು ಚಿತ್ರವಾಗಿ ಅಂಟಿಸಿದ್ದರೆ ಮತ್ತೆ ಟೈಪು ಮಾಡದೆ ಗತಿಯಿಲ್ಲ.

ಈಗಿನ ಚಂದಾ ಮುಗಿಯುವ ಮೊದಲೇ ಹಳೆಯ ಕಂಪನಿಗೆ ಪತ್ರ ಬರೆದು, ಮಕ್ಕಳ ಉತ್ತರಗಳ ದಾಖಲೆಯನ್ನು ಸಾಲು-ಕಾಲಂಗಳ ಪಟ್ಟಿಯಾಗಿ ತೆರೆಯುವ ಸಾದಾ ಸಿಎಸ್‌ವಿ ಕಡತದಲ್ಲಾದರೂ ಕೇಳಿ. ಬಣ್ಣಬಣ್ಣದ ನಕ್ಷೆಗಳ ಪಿಡಿಎಫ್ ಕಳುಹಿಸಿದರೆ ಒಪ್ಪಬೇಡಿ, ಅದರಿಂದ ಒಂದೊಂದು ಉತ್ತರವನ್ನು ಹೊಸ ಆ್ಯಪಿಗೆ ಸಾಗಿಸಲಾಗದು.